ಮಾಡಿನ ಕೆಲಸಕ್ಕೆ ಯಾರನ್ನು ಕರೆಯುವುದು? ಕಂಪನಿ, ಊರಿನ ಮೇಸ್ತ್ರಿ, ಹೆಂಚಿನ ತಂಡ

ಮಲೆನಾಡಿನಲ್ಲಿ ಮಾಡಿನ, ಅಂದರೆ ಮನೆಯ ಚಾವಣಿಯ, ಕೆಲಸಕ್ಕೆ ನನ್ನ ಆಯ್ಕೆ ಊರ ಪೇಟೆಯಲ್ಲೇ ವೆಲ್ಡಿಂಗ್ ಶಾಪ್ ಇಟ್ಟುಕೊಂಡು, ತಾವೇ ಏಣಿ ಹತ್ತುವ ಮೇಸ್ತ್ರಿ. ಇದನ್ನು ಊರಿನ ಅಭಿಮಾನದಿಂದ ಹೇಳುತ್ತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಮೂರು ಬಗೆಯವರ ಕೆಲಸವೂ ಒಂದೇ ಅಂಗಳದ ಸುತ್ತ ಇದೆ. ಹಳೆಯ ಮನೆಗೆ ಹೆಂಚಿನ ತಂಡದವರು ಹೊಸ ರೀಪು (ಹೆಂಚು ಕೂರುವ ಮರದ ಪಟ್ಟಿ) ಹೊಡೆದಿದ್ದಾರೆ, ಹಿತ್ತಿಲ ಕಡೆಯ ಇಳಿಮಾಡಿಗೆ ಶಿವಮೊಗ್ಗದ ಒಂದು ರೂಫಿಂಗ್ ಕಂಪನಿಯವರು ತಗಡು ಹೊದಿಸಿದ್ದಾರೆ, ಕೊಟ್ಟಿಗೆಗೆ ಊರಿನ ಮೇಸ್ತ್ರಿ ಪೈಪಿನ ಟ್ರಸ್ (ಮಾಡನ್ನು ಹೊರುವ ಚೌಕಟ್ಟು) ನಿಲ್ಲಿಸಿ ತಗಡು ಹಾಕಿದ್ದಾರೆ. ಒಂದೇ ಮಳೆಗಾಳಿಗೆ ಮೂರೂ ಒಡ್ಡಿಕೊಂಡಿವೆ.

ಮಳೆಯ ವಿಷಯ ಮರೆತು ಮಾಡಿನ ಮಾತಾಡುವಂತಿಲ್ಲ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ. ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಎರಡೂ ಒಂದೇ ಜಿಲ್ಲೆ, ಮಾಡಿನ ಲೆಕ್ಕಕ್ಕೆ ಮಾತ್ರ ಎರಡು ಬೇರೆ ದೇಶ. ಮೇಲಿಂದ ಬೀಳುವ ನೀರನ್ನು ಯಾವ ತಗಡಾದರೂ ತಡೆಯುತ್ತದೆ. ನಮ್ಮಲ್ಲಿ ಸೋರುವುದು ಪಡುವಣ ಗಾಳಿಗೆ ಅಡ್ಡಡ್ಡ ಬರುವ ಇರಚಲಿನಿಂದ. ಅದು ತಗಡಿನ ಸಂದಿಯಲ್ಲಿ ಕೆಳಗಿನಿಂದ ಮೇಲಕ್ಕೂ ಏರುತ್ತದೆ. ನಗರದ ತಾರಸಿಗಳ ಮೇಲೆ ತಗಡು ಹಾಕಿ ಕೈ ಪಳಗಿದವರಿಗೆ ಇದು ಹೊಳೆಯುವುದಿಲ್ಲ.

ಕಂಪನಿಯವರ ಒಳ್ಳೆಯ ಗುಣ ಮೊದಲು ಹೇಳುತ್ತೇನೆ. ಹೇಳಿದ ದಿನ ಬಂದರು. ಹುಡುಗರು ಸೊಂಟಕ್ಕೆ ಬೆಲ್ಟ್ ಕಟ್ಟಿ, ಹೆಲ್ಮೆಟ್ ಹಾಕಿ ಮೇಲೆ ಹತ್ತಿದರು. ಇದನ್ನು ಎಲ್ಲ ಮೇಸ್ತ್ರಿಗಳೂ ಕಲಿಯಬೇಕು. ಜಿಎಸ್‌ಟಿ ಬಿಲ್ ಕೊಟ್ಟರು, ಗ್ಯಾರಂಟಿ ಪತ್ರ ಕೊಟ್ಟರು. ಪತ್ರವನ್ನು ಓದಿದರೆ ಗ್ಯಾರಂಟಿ ಇರುವುದು ತಗಡಿನ ಬಣ್ಣಕ್ಕೆ ಮತ್ತು ತುಕ್ಕಿಗೆ. ಜೋಡಣೆಗೆ ಇಲ್ಲ, ಸೋರಿಕೆಗೆ ಇಲ್ಲ. ನಮ್ಮ ಕಡೆ ತಗಡು ತಾನಾಗಿ ತೂತು ಬೀಳುವುದಕ್ಕೆ ವರ್ಷಗಳು ಬೇಕು, ಸೋರುವುದು ಜೋಡಣೆಯಲ್ಲೇ.

ನಮ್ಮ ಇಳಿಮಾಡಿನ ಕಥೆಯೂ ಅದೇ. ಅದರ ಮೇಲಂಚು ಹಳೆಯ ಮನೆಯ ಜಂಬಿಟ್ಟಿಗೆ ಗೋಡೆಗೆ ಬಂದು ಸೇರುತ್ತದೆ. ಆ ಸಂದಿಗೆ ಕಂಪನಿಯ ಹುಡುಗರು ಒಂದು ಮಡಚಿದ ತಗಡಿನ ಪಟ್ಟಿಯನ್ನು ಗಾರೆಯ ಮೇಲೆ ಮೊಳೆ ಹೊಡೆದು ಕೂರಿಸಿ, ಮೇಲೆ ಸಂದಿ ಮುಚ್ಚುವ ಸಿಲಿಕೋನ್ ಅಂಟು ಎಳೆದು ಹೋದರು. ನೋಡಲು ಅಚ್ಚುಕಟ್ಟಾಗಿತ್ತು. ಮೃಗಶಿರಾ ಮಳೆ ಹೇಗೋ ಕಳೆಯಿತು. ಆರಿದ್ರಾ ಹಿಡಿದ ಮೇಲೆ ಒಳಗಿನ ಗೋಡೆ ಮೇಲಿಂದ ಕೆಳಗಿನವರೆಗೆ ಒದ್ದೆಯಾಯಿತು, ಸ್ವಿಚ್ ಬೋರ್ಡಿನ ಹತ್ತಿರದವರೆಗೆ ನೀರಿಳಿಯಿತು. ಫೋನ್ ಮಾಡಿದರೆ ಹುಡುಗರು ಬೇರೆ ಸೈಟಿನಲ್ಲಿದ್ದಾರೆ ಎಂಬ ಉತ್ತರ. ಮತ್ತೆ ಮಾಡಿದರೆ, ಮಳೆ ನಿಂತ ಮೇಲೆ ಬರುತ್ತೇವೆ. ನಮ್ಮಲ್ಲಿ ಮಳೆ ನಿಲ್ಲುವುದು ಎಂದರೆ ನವರಾತ್ರಿ! ಬಂದವರು ಅದೇ ಜಾಗಕ್ಕೆ ಇನ್ನೊಂದು ಸುತ್ತು ಸಿಲಿಕೋನ್ ಬಳಿದರು. ಮರುವರ್ಷ ಅದೇ ಗೋಡೆ, ಅದೇ ಒದ್ದೆ.

ಕಾರಣ ತಿಳಿಸಿದವರು ಊರಿನ ಮೇಸ್ತ್ರಿ. ಜುಲೈ ನಡುವಿನಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ಮಧ್ಯಾಹ್ನ ಬಂದು ಏಣಿ ಹಾಕಿದರು. ಪಟ್ಟಿಯ ಹಿಂದೆ ಬೆರಳು ತೂರಿಸಿ, “ಅಕ್ಕಾ, ಗೋಡೆಗೆ ಅಂಟಿಸಿದ್ದು ನಿಲ್ಲುವುದಿಲ್ಲ. ಗೋಡೆಯ ಒಳಗೆ ಹೋಗಬೇಕು” ಎಂದರು. ತೇವ ಮತ್ತು ಪಾಚಿ ಹಿಡಿದ ಗಾರೆಗೆ ಸಿಲಿಕೋನ್ ಕಚ್ಚುವುದಿಲ್ಲ. ಬಿಸಿಲಿಗೆ ತಗಡು ಹಿಗ್ಗಿ ರಾತ್ರಿ ಕುಗ್ಗುತ್ತದೆ, ಗೋಡೆ ಹಾಗೆ ಅಲುಗುವುದಿಲ್ಲ. ಒಂದು ಬೇಸಿಗೆ ಕಳೆಯುವುದರೊಳಗೆ ಕೂದಲೆಳೆಯಷ್ಟು ಸಂದಿ ಬಿಡುತ್ತದೆ. ಗಾರೆಯ ಬಿರುಕಿನಲ್ಲಿ ಹೊಕ್ಕ ನೀರನ್ನು ಜಂಬಿಟ್ಟಿಗೆ ಹೀರಿಕೊಂಡು ಪಟ್ಟಿಯ ಹಿಂಬದಿಯಿಂದ ಒಳಗೆ ಬಿಡುತ್ತದೆ.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಪೈಪಿನಿಂದ ನೀರು ಬಿಡಲು ನನಗೆ ಹೇಳಿ, ತಾವು ಒಳಗೆ ನಿಂತರು. ಮೊದಲು ಕೆಳಗಿನ ಅಂಚಿಗೆ ನೀರು, ಆಮೇಲೆ ನಡುವಿನ ಜೋಡಣೆಗೆ, ಕೊನೆಗೆ ಗೋಡೆಯ ಸಂದಿಗೆ. ಮೇಲಿಂದಲೇ ಸುರಿದರೆ ಎಲ್ಲಿಂದ ಒಳಬಂತು ಎಂದು ಗೊತ್ತಾಗುವುದಿಲ್ಲ. ಹೀಗೆ ಹುಡುಕಿದಾಗ ಇನ್ನೊಂದು ದೋಷ ಸಿಕ್ಕಿತು: ತಗಡಿನ ಮೇಲೆ ತಗಡು ಕೂರುವ ಪಕ್ಕದ ಅಂಚುಗಳೆಲ್ಲ ಪಶ್ಚಿಮಕ್ಕೆ ಬಾಯಿ ತೆರೆದಿದ್ದವು. ಗಾಳಿ ಬರುವ ದಿಕ್ಕಿಗೆ ವಿರುದ್ಧವಾದ ತುದಿಯಿಂದ ತಗಡು ಹಾಸುತ್ತಾ ಬಂದರೆ ಅಂಚು ಗಾಳಿಗೆ ಬೆನ್ನು ಹಾಕಿ ಕೂರುತ್ತದೆ. ಕಂಪನಿಯ ಹುಡುಗರು ಲಾರಿ ನಿಂತ ಕಡೆಯಿಂದ ಶುರು ಮಾಡಿದ್ದರು. ಜೊತೆಗೆ ತಗಡನ್ನು ಮಾಡಿನ ಮೇಲೆಯೇ ಗ್ರೈಂಡರಿನಲ್ಲಿ ಕತ್ತರಿಸಿದ್ದರಿಂದ ಕಬ್ಬಿಣದ ಕಿಡಿ ಬಿದ್ದಲ್ಲೆಲ್ಲ ತುಕ್ಕಿನ ಚುಕ್ಕೆ ಎದ್ದಿದ್ದವು.

ಬೇಸಿಗೆಯಲ್ಲಿ ಮೇಸ್ತ್ರಿ ಗೋಡೆಯನ್ನು ಒಂದು ಇಂಚು ಆಳಕ್ಕೆ ಉದ್ದಕ್ಕೂ ಕೊರೆದರು. ಹೊಸ ಪಟ್ಟಿಯ ಮೇಲಿನ ಮಡಿಕೆಯನ್ನು ಅದರೊಳಗೆ ತೂರಿಸಿ ಗಾರೆ ತುಂಬಿದರು, ಕೆಳಗಿನ ಅಂಚು ತಗಡಿನ ಮೇಲೆ ಆರು ಇಂಚಿಗೂ ಹೆಚ್ಚು ಬರುವಂತೆ ಬಿಟ್ಟರು. ತಗಡುಗಳನ್ನು ಬಿಚ್ಚಿ ದಿಕ್ಕು ಬದಲಿಸಿ ಹಾಸಿದರು. ನೀರು ಹರಿಯುವ ತಗ್ಗಿನಲ್ಲಿದ್ದ ಸ್ಕ್ರೂಗಳು ಉಬ್ಬಿನ ಮೇಲಕ್ಕೆ ಹೋದವು, ಪ್ರತಿಯೊಂದಕ್ಕೂ ಹೊಸ ರಬ್ಬರ್ ವಾಷರ್ ಬಂತು, ಹಳೆಯ ತೂತುಗಳಿಗೆ ತೇಪೆ ಬಿತ್ತು. ಅಲ್ಲಿಂದೀಚೆಗೆ ಆ ಗೋಡೆ ಒಣಗಿದೆ.

ಮೇಸ್ತ್ರಿಯ ಕೊರತೆಗಳೂ ಇವೆ. ಹೇಳಿದ ವಾರ ಬರುವುದಿಲ್ಲ. ಬೆಲ್ಟ್, ಹಗ್ಗ ಬೇಕೇಬೇಕು ಎಂದು ನಾನೇ ಪಟ್ಟು ಹಿಡಿಯಬೇಕಾಯಿತು. ಪಾಚಿ ಕಟ್ಟಿದ ಮಾಡಿನ ಮೇಲೆ ಯಾರ ಮನೆಯ ಮಗನೂ ಜಾರಬಾರದು. ವೆಲ್ಡ್ ಮಾಡಿದ ಜಾಗಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆಯುವುದನ್ನು ಎದುರು ನಿಂತು ನೋಡಿಕೊಳ್ಳಬೇಕು. ಬಿಲ್ ತಗಡಿನ ಅಂಗಡಿಯದು ಮಾತ್ರ ಸಿಗುತ್ತದೆ.

ತಗಡು ಕೊಳ್ಳುವಾಗ ಒಂದು ಮಾತು. 0.50 ಮಿಲಿಮೀಟರ್ ಎಂದು ಹೇಳಿದರೆ ಅದು ಬಣ್ಣ ಮತ್ತು ಲೇಪ ಸೇರಿದ ದಪ್ಪವೋ, ಉಕ್ಕಿನದಷ್ಟೇ ದಪ್ಪವೋ ಎಂದು ಕೇಳಿ. ಲೇಪ ಸೇರಿ 0.50 ಆದರೆ ಒಳಗಿನ ಉಕ್ಕು 0.45ರ ಆಸುಪಾಸು. ಎರಡು ಕಡೆಯ ದರ ಹೋಲಿಸುವಾಗ ಇದೊಂದರಲ್ಲೇ ಲೆಕ್ಕ ತಪ್ಪುತ್ತದೆ.

ಇನ್ನು ಹೆಂಚಿನ ತಂಡ. ಕೈಚಳಕಕ್ಕೆ ಅವರನ್ನು ಮೀರಿದವರಿಲ್ಲ. ಹಿರಿಯ ಕೆಲಸಗಾರರು ರೀಪನ್ನು ಬೆರಳಿನಿಂದ ತಟ್ಟಿ, “ಅಮ್ಮ, ಇದು ಒಳಗೆ ಟೊಳ್ಳು” ಎನ್ನುತ್ತಾರೆ. ತೆಗೆದು ನೋಡಿದರೆ ಹಾಗೆಯೇ ಇರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ಘಾಟಿ ಹತ್ತಿ ಬಂದು ನಮ್ಮ ಹಿರಿಯರ ಮನೆಗಳ ಸೋಗೆಯನ್ನು ಇಳಿಸಿತು. ಬೇಸಿಗೆಯ ತಂಪಿಗೆ, ಜಡಿಮಳೆಯ ಸದ್ದು ತಗ್ಗಿಸುವುದಕ್ಕೆ ಇಂದಿಗೂ ಅದೇ ಮೇಲು. ಆದರೆ ನೂರು ಚದರಡಿಗೆ ಸುಮಾರು 150 ಹೆಂಚು ಬೇಕು, ಒಂದೊಂದೂ ಎರಡೂವರೆ ಕಿಲೋಗೆ ಕಡಿಮೆಯಿಲ್ಲ. ತಗಡಿನ ಭಾರ ಅದರ ಹತ್ತನೆಯ ಒಂದು ಭಾಗ. ಆ ಭಾರ ಹೊರುವ ಮರಕ್ಕೆ ಈಗ ಎಲ್ಲಿಂದ ದುಡ್ಡು ತರುವುದು?

ಮಂಗಗಳ ಕಾಟ ಬೇರೆ. ಹಿಂಡು ಒಮ್ಮೆ ಹಾದುಹೋದರೆ ಹತ್ತಾರು ಹೆಂಚು ಸರಿದಿರುತ್ತವೆ, ಕೆಲವು ಒಡೆದಿರುತ್ತವೆ. ಪ್ರತಿ ವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸಲೇಬೇಕು. ಅದಕ್ಕೆ ಜನ ಸಿಗುವುದು ಕಷ್ಟವಾಗಿದೆ. ತಂಡದಲ್ಲಿ ಐವತ್ತು ದಾಟದವರನ್ನು ನಾನು ಕಂಡಿಲ್ಲ.

ಹಣದ ವಿಷಯದಲ್ಲೂ ಮೇಸ್ತ್ರಿಯೇ ನನಗೆ ಒಗ್ಗಿದವರು. ಕಂಪನಿಯ ದರ ಕಾಲುಭಾಗದಷ್ಟು ಹೆಚ್ಚಿತ್ತು, ಅರ್ಧ ಮುಂಗಡ, ಉಳಿದದ್ದು ಕೆಲಸ ಮುಗಿದ ಸಂಜೆಯೇ. ಮೇಸ್ತ್ರಿಯ ಜೊತೆ ಮಾತಾಡಿಕೊಂಡದ್ದು ಬೇರೆ: ಸಾಮಾನಿನ ದುಡ್ಡು ನಾನೇ ಅಂಗಡಿಗೆ ಕಟ್ಟುವುದು, ಕೂಲಿ ಕೆಲಸ ಸಾಗಿದಂತೆ, ಕೊನೆಯ ಕಂತು ಆರಿದ್ರಾ ಕಳೆದ ಮೇಲೆ. ಈ ಕೊನೆಯ ಕರಾರಿಗೆ ಒಪ್ಪುವವರು ತಮ್ಮ ಜೋಡಣೆಯನ್ನು ನಂಬುತ್ತಾರೆ. ಇನ್ನೊಂದು, ಅವರು ಮಾಡಿದ ಹೊಸ ಮಾಡನ್ನು ನೋಡಲು ಹೋಗಬೇಡಿ. ಮೂರು ಮಳೆಗಾಲ ಕಂಡ ಮಾಡು ಯಾರ ಮನೆಯಲ್ಲಿದೆ ಎಂದು ಕೇಳಿ, ಆ ಮನೆಯ ಹೆಂಗಸರನ್ನು ಮಾತಾಡಿಸಿ. ಪಾತ್ರೆ ಎಲ್ಲಿಡಬೇಕಾಯಿತು ಎಂಬುದು ಅವರಿಗೆ ಗೊತ್ತಿರುತ್ತದೆ.

ಶಿವಮೊಗ್ಗ ನಗರದಲ್ಲೇ ಇರುವವರು, ಬ್ಯಾಂಕಿಗೆ ಬಿಲ್ ತೋರಿಸಬೇಕಾದವರು, ಎದುರು ನಿಂತು ಕೆಲಸ ಮಾಡಿಸಲು ಪುರುಸೊತ್ತಿಲ್ಲದವರು ಕಂಪನಿಗೆ ಹೋಗಬಹುದು. ಸೋರಿಕೆಯ ಹೊಣೆಯನ್ನು ಮಾತ್ರ ಕಾಗದದಲ್ಲಿ ಬರೆಸಿಕೊಳ್ಳಿ. ನಾನು ದಿನವಿಡೀ ಮನೆಯಲ್ಲಿರುವವಳು, ಅಡಿಕೆ ಮಾರಿದ ಮೇಲೆ ಕೈಯಲ್ಲಿ ದುಡ್ಡು ಆಡುವವಳು. ಹಳೆಯ ಮನೆಯ ರೀಪು ಗಟ್ಟಿ ಇರುವವರೆಗೆ ಹೆಂಚನ್ನು ಇಳಿಸುವುದಿಲ್ಲ. ಬಚ್ಚಲಿನ ಮಾಡು ಈ ಬೇಸಿಗೆಯಲ್ಲಿ ಬದಲಾಗಬೇಕು. ಮೇಸ್ತ್ರಿಗೆ ಹೇಳಿಯಾಗಿದೆ; ಗೋಡೆ ಕೊರೆಯುವ ಕೂಲಿಯನ್ನೂ ಸೇರಿಸಿಯೇ ಲೆಕ್ಕ ಕೊಡಿ ಎಂದಿದ್ದೇನೆ.