ಲ್ಯಾಕ್ಟೇಸ್ ಕೂರಿಸಲು ಮ್ಯಾಗ್ನೆಟೈಟ್ ಕಣವೋ, ರಂಧ್ರದ ಸಿಲಿಕಾವೋ?

ಧಾರವಾಡದಲ್ಲಿ ಎಂ.ಎಸ್ಸಿ. ಮಾಡುತ್ತಿರುವ ತಂಗಿಯೊಬ್ಬಳು ಕೇಳಿದ್ದಾಳೆ: ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಲ್ಯಾಕ್ಟೇಸ್. ಅದನ್ನು ಮತ್ತೆ ಮತ್ತೆ ಬಳಸಲು ಗಟ್ಟಿ ಕಣದ ಮೇಲೆ ಕೂರಿಸಬೇಕು, ಅಂದರೆ ಅಂಟಿಸಬೇಕು. ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್), ರಂಧ್ರದ ಸಿಲಿಕಾ, ಇವೆರಡರಲ್ಲಿ ಯಾವುದರ ಮೇಲೆ ಕೂರಿಸಲಿ?

ಖರ್ಚು ಮೊದಲು ನೋಡೋಣ. ಮ್ಯಾಗ್ನೆಟೈಟ್ ಮಾಡುವುದು ಸುಲಭ. ಎರಡು ಬಗೆಯ ಕಬ್ಬಿಣದ ಲವಣ ಕರಗಿಸಿ ಅಮೋನಿಯಾ ಹಾಕಿದರೆ ಕಣ್ಣೆದುರೇ ದ್ರಾವಣ ಕಪ್ಪಾಗುತ್ತದೆ. ಎಸ್‌ಬಿಎ-15 ತರಹದ ರಂಧ್ರದ ಸಿಲಿಕಾಕ್ಕೆ ರಂಧ್ರ ಮೂಡಿಸುವ ಅಚ್ಚಿನ ಪಾಲಿಮರ್ ಬೇಕು. ಆಮೇಲೆ ಅದನ್ನು ಸುಮಾರು 550 ಡಿಗ್ರಿಯಲ್ಲಿ ಗಂಟೆಗಟ್ಟಲೆ ಸುಡಬೇಕು.

ಬೇರ್ಪಡಿಸುವುದರಲ್ಲೂ ಮ್ಯಾಗ್ನೆಟೈಟ್ ಮುಂದು. ಬೀಕರಿಗೆ ಗಟ್ಟಿ ಅಯಸ್ಕಾಂತ ಒತ್ತಿ ಹಿಡಿ. ಕಣಗಳೆಲ್ಲ ಒಂದೇ ಗೋಡೆಗೆ ಸರಿಯುತ್ತವೆ, ಹಾಲನ್ನು ಬಗ್ಗಿಸಿಕೊಂಡರಾಯಿತು. ಸಿಲಿಕಾ ಪುಡಿಯನ್ನು ಸೋಸಲು ಹೋದರೆ ಹಾಲಿನ ಕೊಬ್ಬು, ಕೇಸಿನ್ ಎಂಬ ಪ್ರೋಟೀನ್ ಸೇರಿ ಸೋಸುವ ಹಾಳೆ ಬೇಗ ಕಟ್ಟಿಕೊಳ್ಳುತ್ತದೆ.

ಬಾಳಿಕೆ ಮಾತ್ರ ಬೇರೆ ಲೆಕ್ಕ. ಸಿಲಿಕಾದ ರಂಧ್ರದೊಳಗೆ ಕೂತ ಕಿಣ್ವಕ್ಕೆ ಕಲಕುವ ಪೆಟ್ಟು ಕಡಿಮೆ. ಆದರೆ ಅದು ಒಳಗೆ ಹೋಗಬೇಕಲ್ವಾ? ಈ. ಕೋಲಿ ಎಂಬ ಬ್ಯಾಕ್ಟೀರಿಯಾದ ಲ್ಯಾಕ್ಟೇಸ್ ನಾಲ್ಕು ತುಣುಕಿನ ಅಣು, ಉದ್ದ 15 ನ್ಯಾನೋಮೀಟರಿಗೂ ಜಾಸ್ತಿ. ಎಸ್‌ಬಿಎ-15ರ ರಂಧ್ರ ಸಾಮಾನ್ಯವಾಗಿ 5ರಿಂದ 10 ನ್ಯಾನೋಮೀಟರ್. ಬಾಗಿಲಲ್ಲೇ ನಿಂತುಬಿಡುತ್ತದೆ! ಎಷ್ಟೋ ಜನ ಇದನ್ನು ನೋಡದೆ ತಿಂಗಳುಗಟ್ಟಲೆ ಸುಮ್ನೆ ಒದ್ದಾಡುತ್ತಾರೆ. ಇನ್ನೊಂದು ಕಡೆ, ಹುಳಿಯಲ್ಲಿ ಮ್ಯಾಗ್ನೆಟೈಟಿನಿಂದ ಕಬ್ಬಿಣ ಬಿಡಬಹುದು. ಮೇಲೆ ಸಿಲಿಕಾ ಪದರ ಕೊಟ್ಟರೆ ಅದು ತಗ್ಗುತ್ತದೆ.

ಹಾಗಾಗಿ ತಂಗಿ, ತಾಜಾ ಹಾಲು, ಯೀಸ್ಟ್ ಲ್ಯಾಕ್ಟೇಸ್, ಚಿಕ್ಕ ಬೀಕರ್ ಅಂದರೆ ಮ್ಯಾಗ್ನೆಟೈಟ್ ಹಿಡಿ. ಪನೀರ್ ತೆಗೆದ ಹುಳಿನೀರು ಇದ್ದರೆ ಹುಳಿ ತಡೆಯುವ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಲ್ಯಾಕ್ಟೇಸ್ ತಗೋ. ಆ ಹುಳಿನೀರನ್ನು ಕಾಲಂನಲ್ಲಿ (ಕಣ ತುಂಬಿದ ಕೊಳವೆಯಲ್ಲಿ) ಬಿಡದೆ ಓಡಿಸಬೇಕಿದ್ದರೆ ದೊಡ್ಡ ರಂಧ್ರದ, ದಪ್ಪ ಕಣದ ಸಿಲಿಕಾ ಒಳ್ಳೆಯದು. ಕಿಣ್ವವನ್ನು ಕಣಕ್ಕೆ ಜೋಡಿಸುವ ವಿಷಕಾರಿ ರಾಸಾಯನಿಕ ಗ್ಲುಟರಾಲ್ಡಿಹೈಡ್‌ನಿಂದ ಅಂಟಿಸಿದ್ದರೆ ಎರಡನ್ನೂ ಚೆನ್ನಾಗಿ ತೊಳೆ, ತೊಳೆದ ನೀರಿನಲ್ಲಿ ಅದು ಉಳಿದಿಲ್ಲವೆಂದು ಪರೀಕ್ಷೆ ಮಾಡದೆ ಕಣಗಳನ್ನು ಹಾಲಿಗೆ ಹಾಕಬೇಡ.