ಮಿನಿ ಕೂಪರ್‌ಗೆ ರನ್-ಫ್ಲಾಟ್ ಚಲೋನಾ ಸಾದಾ ಟ್ಯೂಬ್‌ಲೆಸ್ ಚಲೋನಾ: ಗಂಗಾವತಿ ಕಡೆ ರಸ್ತ್ಯಾಗ ಎರಡೂ ಓಡಿಸಿ ನೋಡಿದ್ದು

ಟೈರ್ ಅಂಗಡಿಗೆ ಹೋಗಿ 195/55 ಆರ್16 ಬೇಕು ಅಂದ್ರ ಅವರು ತಿರುಗಿ ಕೇಳೋದು ಒಂದ, ಬಲೆನೋನಾ ಐ20ನಾ ಅಂತ. ಈ ಸೈಜು ನಮ್ಮ ಗಂಗಾವತ್ಯಾಗ ಮೂರ್ನಾಲ್ಕು ಕಂಪನಿದು ಸಿಗ್ತೈತಿ, ಹೊಸಪೇಟಿಗೆ ಹೋದ್ರಂತೂ ಆರಿಸಿ ತಗೋಬಹುದು. ಅದ ಸೈಜಿನ್ಯಾಗ ರನ್-ಫ್ಲಾಟ್ (ಗಾಳಿ ಹೋದ್ರೂ ಸ್ವಲ್ಪ ದೂರ ಓಡೋ ಟೈರ್) ಬೇಕ್ರಿ ಅಂದ್ ನೋಡ್ರಿ, ಅಂಗಡಿಯವ್ರು ಮೊಬೈಲ್ ತಗೊಂಡು ಹೊರಗ ಹೋಗ್ತಾರ, ಬೆಂಗಳೂರಿಗೊಂದು ಫೋನು ಹೈದರಾಬಾದಿಗೊಂದು ಫೋನು, ಆಮ್ಯಾಲೆ ಬಂದು "ಆರ್ಡರ್ ಹಾಕ್ಬೇಕ್ ಅಣ್ಣಾರ, ಅಡ್ವಾನ್ಸ್ ಕೊಡ್ರಿ, ವಾರ ಹಿಡೀತೈತಿ" ಅಂತಾರ. ಹೋಲಿಕಿ ಅರ್ಧ ಇಲ್ಲೇ ಮುಗೀತು ಅಂದ್ರೂ ನಡೀತೈತಿ, ಆದ್ರ ಉಳಿದರ್ಧ ಅಷ್ಟು ಸರಳ ಇಲ್ಲ, ಅದಕ್ಕ ಬರಿಯಾಕತ್ತೀನಿ.

ಗಾಡಿ ಮಿನಿ ಕೂಪರ್ ಡಿ, ಮೂರು ಡೋರಿಂದು, ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಬರುವಾಗ ರನ್-ಫ್ಲಾಟ್ ಮ್ಯಾಲೆ ಬಂತು, ಅವು ಸವೆಯೋತನ ಓಡಿಸ್ದೆ, ಆಮ್ಯಾಲೆ ನಾಲ್ಕೂ ತಗಸಿ ಸಾದಾ ಟ್ಯೂಬ್‌ಲೆಸ್ ಹಾಕಿಸ್ದೆ. ರಿಮ್ ಅದ, ಸೈಜ್ ಅದ, ಗಾಡಿ ಅದ, ಓಡಾಡೋ ರಸ್ತೆನೂ ಅದ, ಗಂಗಾವತಿ ಕಾರಟಗಿ ಸಿಂಧನೂರು, ಆಗಾಗ ರಾಯಚೂರು, ಈ ಕಡೆ ಹೊಸಪೇಟೆ ಕೊಪ್ಪಳ. ಹಂಗಾಗಿ ಬದಲಾಗಿದ್ದು ಟೈರ್ ಒಂದ.

ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರ, ರನ್-ಫ್ಲಾಟ್‌ಗೆ ಸೈಡ್‌ವಾಲ್, ಅಂದ್ರ ಟೈರಿನ ಪಕ್ಕದ ಗ್ವಾಡಿ, ಒಳಗ ದಪ್ಪ ಗಟ್ಟಿ ರಬ್ಬರ್ ಕೊಟ್ಟಿರ್ತಾರ, ಗಾಳಿ ಪೂರ್ತಿ ಹೋದ್ರೂ ಗಾಡಿ ಭಾರ ಆ ಗ್ವಾಡಿ ಮ್ಯಾಲೆ ನಿಲ್ತೈತಿ, ರಿಮ್ ನೆಲಕ್ಕ ಕೂಡಂಗಿಲ್ಲ. ಕಂಪನಿಗಳು ಸಾಮಾನ್ಯವಾಗಿ ಹೇಳೋ ಲೆಕ್ಕ ಗಾಳಿ ಇಲ್ಲದ 80 ಕಿಲೋಮೀಟರ್, ಸ್ಪೀಡು 80ರ ಮ್ಯಾಲೆ ಹೋಗ್ಬಾರದು. ಹೆಸರು ಮಾತ್ರ ಒಬ್ಬೊಬ್ಬರದು ಒಂದೊಂದು, ಬ್ರಿಡ್ಜ್‌ಸ್ಟೋನ್‌ನವ್ರು ಆರ್‌ಎಫ್‌ಟಿ ಅಂತಾರ, ಮಿಶೆಲಿನ್‌ನವ್ರು ಝಡ್‌ಪಿ, ಗುಡ್‌ಇಯರ್‌ನವ್ರು ಆರ್‌ಓಎಫ್, ಕಾಂಟಿನೆಂಟಲ್‌ನವ್ರು ಎಸ್‌ಎಸ್‌ಆರ್. ಸೆಕೆಂಡ್ ಹ್ಯಾಂಡ್ ಗಾಡಿ ನೋಡಾಕ ಹೋದಾಗ ಸೈಡ್‌ವಾಲ್ ಮ್ಯಾಲೆ ಈ ಅಕ್ಷರ ಹುಡುಕ್ರಿ, ಮಾರೋರಿಗೂ ಎಷ್ಟೋ ಸಲ ಗೊತ್ತಿರಂಗಿಲ್ಲ. ತಗಸಿದ್ಮ್ಯಾಲೆ ಹಳೇದು ಹೊಸದು ಎರಡೂ ಕೈಯಾಗ ಎತ್ತಿ ನೋಡಿದೆ, ಸವೆದಿದ್ರೂ ರನ್-ಫ್ಲಾಟೇ ಭಾರ, ಸೈಡ್‌ವಾಲ್ ಹೆಬ್ಬೆಟ್ಟಿಲೆ ಒತ್ತಿದ್ರ ಹಲಿಗಿ ಒತ್ತಿದಂಗ, ಸಾದಾದು ಒಳಗ ಹೋಗ್ತೈತಿ.

ಈಗ ಕುಂತ ಆರಾಮಿನ ವಿಷ್ಯ. ಟೈರ್ ಅಗಲ 195 ಮಿಲಿಮೀಟರ್, ಅದರ 55 ಪರ್ಸೆಂಟ್ ಅಂದ್ರ ಸೈಡ್‌ವಾಲ್ ಎತ್ತರ 107 ಮಿಲಿಮೀಟರ್, ಅಷ್ಟರಾಗ ಟೈರ್ ಬಗ್ಗಿ ಕುಣಿ ನುಂಗ್ಬೇಕು, ರನ್-ಫ್ಲಾಟ್ ಬಗ್ಗೋದ ಕಮ್ಮಿ. ಮಿನಿ ಸಸ್ಪೆನ್ಷನ್ ಮೊದ್ಲ ಬಿಗಿ. ನಮ್ಮ ಕಡೆ ರಸ್ತೆ ಎಲ್ಲಾ ಎರಿ ಮಣ್ಣಿನ ಮ್ಯಾಲೆ, ಮಳಿಗೆ ಉಬ್ಬಿ ಬ್ಯಾಸಗ್ಯಾಗ ಬಿರಿದು ಡಾಂಬರು ಅಲಿ ಅಲಿ ಆಗಿರ್ತೈತಿ, ಅದರ ಮ್ಯಾಲೆ ತುಂಗಭದ್ರಾ ಎಡದಂಡೆ ಕಾಲುವಿ ಭತ್ತದ ಸೀಮಿ ಆಗಿದ್ದಕ್ಕ ನಾಟಿ ಟೈಮಿನ್ಯಾಗ ಟ್ರ್ಯಾಕ್ಟರ್‌ನವ್ರು ಕಬ್ಬಿಣದ ಕೇಜ್ ವೀಲ್ ಬಿಚ್ಚದ ರೋಡಿಗೆ ತಂದು ಕೆತ್ತಿ ಇಟ್ಟಿರ್ತಾರ. ರನ್-ಫ್ಲಾಟ್ ಮ್ಯಾಲೆ ಆ ಕೆತ್ತಿದ ಗೆರಿ ಒಂದೊಂದೂ ಸ್ಟೇರಿಂಗ್ನ್ಯಾಗ ಎಣಿಸ್ಬಹುದಿತ್ತು, ಡ್ಯಾಶ್‌ಬೋರ್ಡಿನ ಯಾವುದೋ ಪ್ಲಾಸ್ಟಿಕ್ ಕಟಕಟ ಅಂತಿತ್ತು, ನಮ್ಮವ್ವ ಅಂತೂ ಕಾರಟಗಿ ದಾಟೋದ್ರಾಗ "ಯಪ್ಪಾ ನನ್ನ ಬಸ್ಸಿಗೆ ಹತ್ತಸಪಾ" ಅನ್ನಾಕಿ. ಸಾದಾ ಟೈರ್ ಹಾಕಿಸಿ ಅಂಗಡಿಯಿಂದ ಹೊರಗ ಬಂದು ಮೊದ್ಲನೆ ಹಂಪ್ ಹತ್ತಿ ಇಳಿದಾಗ್ಲೆ ಗೊತ್ತಾತು, ಗಾಡಿ ಮೆತ್ತಗ ಕೂತಂಗ. ಡ್ಯಾಶ್‌ಬೋರ್ಡ್ ಸದ್ದು ಪೂರ್ತಿ ಹೋಗಿಲ್ಲ, ಅದು ಬ್ಯಾರೆ ರೋಗ ಇರಬೇಕು, ಆದ್ರ ಅವ್ವ ಈಗ ಬಸ್ಸಿನ ಮಾತು ಎತ್ತಂಗಿಲ್ಲ. ಟೈರ್ ಸದ್ದೂ ಕಮ್ಮಿ, ಹಳೇವು ಸವೆದಿದ್ವು ಹೊಸಾವು ಹೊಸಾವು ಅಂತ ಸ್ವಲ್ಪ ಕಳದ್ರೂ ಕಮ್ಮೀನ.

ಹ್ಯಾಂಡ್ಲಿಂಗ್ನ್ಯಾಗ ಮಾತ್ರ ರನ್-ಫ್ಲಾಟ್‌ಗೆ ಮಾರ್ಕ್ ಕೊಡ್ಬೇಕು. ಹೊಸಪೇಟೆ ಕೊಪ್ಪಳ ನಾಕ್ ಲೇನ್ ಹೈವೇನ್ಯಾಗ ಲೇನ್ ಬದಲಿಸುವಾಗ ಸ್ಟೇರಿಂಗ್ ತಿರುವಿದ ಕೂಡ್ಲೆ ಮೂತಿ ತಿರುಗ್ತಿತ್ತು, ಸಾದಾದ್ರಾಗ ಕೂದಲೆಳಿ ತಡ ಆಗಿ ತಿರುಗ್ತೈತಿ. ಮಿನಿ ತಗೊಳ್ಳೋದ ಅದಕ್ಕ ಅನ್ನೋರು ಅದಾರ, ಅವರಿಗೆ ಈ ತಡ ಸಿಟ್ಟು ತರಿಸಬಹುದು. ನನಗ ವಾರದಾಗ ರೂಢಿ ಆತು. ಬ್ರೇಕು, ಮೈಲೇಜು ಎರಡ್ರಾಗೂ ನನಗೇನೂ ಫರಕ್ ಕಾಣ್ಲಿಲ್ಲ.

ಪಂಚರ್ ಕತಿ ಈಗ, ಇದ ಮುಖ್ಯ.

ರನ್-ಫ್ಲಾಟ್ ಇದ್ದಾಗ ಒಂದ್ಸಲ ರಾತ್ರಿ ರಾಯಚೂರಿನಿಂದ ಬರುವಾಗ ಮಾನ್ವಿ ದಾಟಿದ ಮ್ಯಾಲೆ ಡ್ಯಾಶ್‌ಬೋರ್ಡ್ನ್ಯಾಗ ಟೈರ್ ಗಾಳಿ ಕಮ್ಮಿ ಅನ್ನೋ ಹಳದಿ ಲೈಟ್ ಬಂತು. ಮನಿಯವ್ರು ಹುಡುಗ್ರು ಎಲ್ಲಾ ಒಳಗ, ರೋಡಿನ್ಯಾಗ ಒಂದ್ ದೀಪ ಇಲ್ಲ, ಎರಡೂ ಕಡೆ ಗದ್ದಿ. ಇಳಿದು ಟಾರ್ಚ್ ಹಾಕಿದ್ರ ಟೈರ್ ನೆಟ್ಟಗ ನಿಂತೈತಿ, ಕಣ್ಣಿಗೆ ಏನೂ ಗೊತ್ತಾಗವಲ್ದು. ಹಂಗ ನಿಧಾನಕ್ಕ ಅರವತ್ತರ ಒಳಗ ಇಟ್ಕೊಂಡು ಸಿಂಧನೂರು ಮುಟ್ಟಿ ಲಾಡ್ಜಿಂಗ್ ಮಾಡಿದ್ವಿ. ಆ ರಾತ್ರಿ ರನ್-ಫ್ಲಾಟ್ ಕೊಟ್ಟ ನೆಮ್ಮದಿಗೆ ರೇಟ್ ಕಟ್ಟಾಕ ಬರಂಗಿಲ್ಲ, ಇದನ್ನ ಮುಚ್ಚಿಟ್ಟು ಹೋಲಿಕಿ ಬರದ್ರ ಅದು ಹೋಲಿಕೀನ ಅಲ್ಲ. ಆದ್ರ ಮರುದಿನ ಬೆಳಿಗ್ಗೆ ಶುರುವಾತು. ಪಂಚರ್ ಅಂಗಡಿ ಹುಡುಗ ಟೈರ್ ಒದ್ದು ನೋಡಿ "ಅಣ್ಣಾ ಇದು ಪಂಚರ್ ಆಗಿಲ್ಲಲ್ಲ, ಗಟ್ಟಿ ಐತಲ್ಲ" ಅಂದ. ಗೇಜ್ ಹಚ್ಚಿದ್ರ ಸೊನ್ನೆ. ಮೊಳೆ ಕಿತ್ತು ತೂತಿಗೆ ರಬ್ಬರ್ ಸ್ಟ್ರಿಪ್ ಹಾಕಾಕ ಅವ ರೆಡಿ ಇದ್ದ, ನಾನ ಬ್ಯಾಡ ಅಂದೆ, ಯಾಕಂದ್ರ ಗಾಳಿ ಇಲ್ಲದ ಅಷ್ಟು ದೂರ ಓಡಿದ ರನ್-ಫ್ಲಾಟ್‌ದು ಸೈಡ್‌ವಾಲ್ ಒಳಗ ಕಾದು ಏನಾಗಿರ್ತೈತೋ ಹೊರಗಿಂದ ಕಾಣಂಗಿಲ್ಲ, ಬಹಳಷ್ಟು ಕಂಪನಿಯವ್ರು ಅದನ್ನ ರಿಪೇರಿ ಮಾಡಿ ಮತ್ತ ಹಾಕಬ್ಯಾಡ್ರಿ ಅಂತಾರ. ಅಂದ್ರ ಒಂದು ಮೊಳಿಗೆ ಒಂದು ಟೈರ್ ಹೋತು. ಹೊಸದು ಬರೋತನ ಗಾಡಿ ಸಿಂಧನೂರಾಗ ಪರಿಚಯದೋರ ಶೆಡ್ನ್ಯಾಗ, ನಾವು ಬಸ್ಸಿನ್ಯಾಗ.

80 ಕಿಲೋಮೀಟರ್ ಅನ್ನೋ ಲೆಕ್ಕ ಎಲ್ಲಿ ತಾಳೆ ಆಗ್ತೈತಿ ಅಂದ್ರ ಆ 80ರ ಒಳಗ ಅದ ಟೈರ್ ಸ್ಟಾಕ್ ಇರೋ ಅಂಗಡಿ ಇದ್ದಲ್ಲಿ. ನಮಗ 80ರ ಒಳಗ ಸಿಂಧನೂರು ಬರ್ತೈತಿ, ಹೊಸಪೇಟೆ ಬರ್ತೈತಿ, ಕೊಪ್ಪಳ ಬರ್ತೈತಿ, ರನ್-ಫ್ಲಾಟ್ ಬರಂಗಿಲ್ಲ.

ಸಾದಾ ಟೈರಿಗೆ ಮೊದ್ಲ ಪಂಚರ್ ಬಳ್ಳಾರಿ ಜಾಲಿ ಮುಳ್ಳಿಂದು, ಕಂಪ್ಲಿ ಹತ್ರ ದಂಡಿಗೆ ನಿಲ್ಲಿಸಿದಾಗ ಚುಚ್ಚಿದ್ದು. ಬೆಳಿಗ್ಗೆ ನೋಡಿದ್ರ ಟೈರ್ ಒಂದ್ ಕಡೆ ಕುಂತಿತ್ತು, ಕಣ್ಣಿಗೇ ಗೊತ್ತಾತು, ಮನ್ಯಾಗಿನ ಇನ್‌ಫ್ಲೇಟರ್ನಿಂದ ಗಾಳಿ ಹೊಡ್ಕೊಂಡು ಬಸ್ ಸ್ಟ್ಯಾಂಡ್ ಹತ್ರದ ಪಂಚರ್ ಅಂಗಡಿಗೆ ಹೋದೆ. ಕಾಕಾ ಸಬಕಾರದ ನೀರು ಬಳದ, ಗುಳ್ಳಿ ಎದ್ದಲ್ಲಿ ಚಾಕಪೀಸ್ ಗುರ್ತು ಹಾಕಿದ, ಇಕ್ಕಳಲೆ ಮುಳ್ಳು ಎಳದ್ರ ಅರ್ಧ ಬೆರಳುದ್ದ ಬಂತು, ಅರದ ಮೊಳಿ ಹಾಕಿ ತೂತು ತಿರುವಿ ಸ್ಟ್ರಿಪ್‌ಗೆ ಸೊಲ್ಯೂಷನ್ ಹಚ್ಚಿ ತುರುಕಿ ಎಳದು ಬ್ಲೇಡಿಲೆ ಬಾಲ ಕೊಯ್ದ. ಚಾ ಕುಡಿಯೋದ್ರಾಗ ಮುಗೀತು, ನೂರೈವತ್ತು ರೂಪಾಯಿ. ಆ ಟೈರ್ ಈಗ್ಲೂ ಓಡಾಕತ್ತೈತಿ.

ಆದ್ರ ಎಲ್ಲಾ ಪಂಚರ್ರೂ ಮುಳ್ಳಿಂದ ಆಗಂಗಿಲ್ಲ. ಸುಗ್ಗ್ಯಾಗ ರೋಡಿನ ಮ್ಯಾಲೆ ಭತ್ತ ಒಣಗಿಸೋರು ಸುತ್ತ ಕಲ್ಲು ಇಟ್ಟಿರ್ತಾರಲ್ಲ, ರಾತ್ರಿ ಎದುರಿನ ಲಾರಿ ಹೈ ಬೀಮ್ ಹಾಕಿದ್ರ ಆ ಕಲ್ಲು ಕಾಣಂಗಿಲ್ಲ, ಸೈಡ್‌ವಾಲ್ ಸೀಳಿದ್ರ ಸ್ಟ್ರಿಪ್ಪೂ ಇಲ್ಲ, ತೂತು ಮುಚ್ಚೋ ಅಂಟು ಸೀಲಂಟೂ ಇಲ್ಲ. ರನ್-ಫ್ಲಾಟ್ ಆಗಿದ್ರ ಸಣ್ಣ ಸೀಳಿಗೆ ಹೆಂಗೋ ಊರು ಮುಟ್ತೀರಿ, ಸಾದಾ ಆದ್ರ ಅಲ್ಲೇ ನಿಂತ್ರಿ. ಮಿನ್ಯಾಗ ಸ್ಟೆಪ್ನಿನೂ ಇಲ್ಲ. 1959ರ ಮೂಲ ಮಿನಿಗೆ ಹತ್ತಿಂಚಿನ ಚಕ್ರ ಇತ್ತು, ಅಷ್ಟು ಸಣ್ಣ ಗಾಡ್ಯಾಗೂ ಡಿಕ್ಕಿ ಕೆಳಗ ಸ್ಟೆಪ್ನಿಗೆ ಜಾಗ ಮಾಡಿದ್ರು, ಈಗಿಂದು ಗಾತ್ರದಾಗ ಎರಡು ಪಾಲು ಕಾಣ್ತೈತಿ, ಸ್ಟೆಪ್ನಿ ಜಾಗ ಮಾತ್ರ ಮಾಯ.

ಅದಕ್ಕ ಸಾದಾ ಟೈರಿಗೆ ಹೋಗೋರು ಬರೇ ಟೈರಿನ ಲೆಕ್ಕ ಹಾಕಬ್ಯಾಡ್ರಿ. ನಾನು ಮೂರು ನಮೂನಿ ನೋಡ್ದೆ. ಸೀಲಂಟ್ ಬಾಟಲಿ ಇಟ್ಕೊಳ್ಳೋದು ಹಗುರ, ಆದ್ರ ಎಕ್ಸ್‌ಪೈರಿ ಐತಿ, ಒಳಗ ಹೋದ್ರ ಅಂಟು ಅಂಟು, ಪಂಚರ್ ಅಂಗಡಿಯವ್ರು ಮೂಗು ಮುರೀತಾರ. ಡಿಕ್ಕ್ಯಾಗ ಒಂದು ಪೂರ್ತಿ ಚಕ್ರ ಹಾಕ್ಕೊಂಡು ಓಡಾಡಿ ನೋಡಿದೆ, ಇರೋ 211 ಲೀಟರ್ ಜಾಗದಾಗ ಚಕ್ರ ಕುಂತ್ರ ಬ್ಯಾಗ್ ಎಲ್ಲಾ ಹಿಂದಿನ ಸೀಟಿಗೆ, ಕಟ್ಟಿ ಇಡದಿದ್ರ ಬ್ರೇಕ್ ಹೊಡದಾಗ ಸೀಟಿಗೆ ಬಂದು ಗುದ್ದತೈತಿ, ಊರಾಗ ಓಡಾಡಾಕ ಸಾಕಾತು. ಕಡೀಗೆ ಉಳಿದಿದ್ದು 12 ವೋಲ್ಟ್ ಇನ್‌ಫ್ಲೇಟರ್, ಸ್ಟ್ರಿಪ್ ಕಿಟ್, ಇಕ್ಕಳ, ಒಂದು ಟಾರ್ಚ್. ಆ ಪೂರ್ತಿ ಚಕ್ರ ಮನ್ಯಾಗ ಐತಿ, ನಾನು ಹೋಗೋದಾದ್ರ ಬೆಂಗಳೂರಿನಂಥಾ ದೂರದ ದಾರಿಗೆ ಅಷ್ಟ ಹಾಕ್ಕೊಂಡು ಹೋಗ್ತೀನಿ. ಸ್ಟೆಪ್ನಿ ಇಲ್ಲದ್ರ ಪೊಲೀಸರು ಹಿಡೀತಾರಾ ಅಂತ ಕೇಳ್ತಾರ, 2020ರ ಜುಲೈನ್ಯಾಗ ಕೇಂದ್ರದವ್ರು ಮೋಟಾರ್ ವಾಹನ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಗಾಳಿ ಕಮ್ಮಿ ಆದ್ರ ಹೇಳೋ ಸಿಸ್ಟಂ ಮೂರೂ ಇರೋ ಸಣ್ಣ ಗಾಡಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂದಾರ. ಹಂಗಾಗಿ ಕಿಟ್ ಇಟ್ಕೊಳ್ಳೋದು ಶೋಕಿ ಅಲ್ಲ.

ಆ ಗಾಳಿ ಹೇಳೋ ಸಿಸ್ಟಂ ಬಗ್ಗೆ ಒಂದ್ ಮಾತು. ನನ್ನ ಗಾಡ್ಯಾಗ ವಾಲ್ವ್ ಒಳಗ ಸೆನ್ಸರ್ ಇಲ್ಲ, ಬ್ರೇಕಿನ ಎಬಿಎಸ್ ಸೆನ್ಸರ್ನಿಂದ ಚಕ್ರ ತಿರುಗೋ ಲೆಕ್ಕ ಹಾಕ್ತೈತಿ, ಗಾಳಿ ಕಮ್ಮಿ ಆದ ಚಕ್ರ ಸಣ್ಣದಾಗಿ ಜಾಸ್ತಿ ತಿರುಗ್ತೈತಲ್ಲ ಅದನ್ನ ಹಿಡೀತೈತಿ. ನಾಲ್ಕೂ ಒಟ್ಟಿಗೆ ನಿಧಾನ ಇಳದ್ರ ಇದಕ್ಕ ಗೊತ್ತಾಗೋದು ಕಷ್ಟ. ಟೈರ್ ಬದಲಿಸಿದ ಮ್ಯಾಲೆ, ಗಾಳಿ ಹೊಡಿಸಿದಾಗೆಲ್ಲಾ ಮೆನುನ್ಯಾಗ ಹೋಗಿ ರೀಸೆಟ್ ಮಾಡ್ಬೇಕು. ರನ್-ಫ್ಲಾಟ್ ಇದ್ದೋರಿಗೆ ಈ ಲೈಟ್ ಜೀವ ಇದ್ದಂಗ, ಯಾಕಂದ್ರ ಟೈರ್ ನೋಡಿ ಗೊತ್ತಾಗಂಗಿಲ್ಲ, ಲೈಟ್ ಕೆಟ್ಟಿದ್ರ ಗಾಳಿ ಇಲ್ಲದ ನೂರರ ಮ್ಯಾಲೆ ಹೊಡ್ಕೊಂಡು ಹೋಗ್ತೀರಿ.

ರೊಕ್ಕ: ನನಗ ರನ್-ಫ್ಲಾಟ್ ಒಂದಕ್ಕ ಹೇಳಿದ್ದು ಹದಿನೈದು ಸಾವಿರದ ಮ್ಯಾಲೆ, ಸಾದಾದು ಏಳರ ಆಸುಪಾಸು. ಇನ್ನೇನ್ ಹೇಳ್ಲಿ.

ಹಾಕಿಸುವಾಗ ಒಂದೆರಡು. ರನ್-ಫ್ಲಾಟ್ ರಿಮ್ಮಿಗೆ ಒಳಗ ಸ್ವಲ್ಪ ಎತ್ತರದ ಏಣು ಇರ್ತೈತಿ, ಅದರ ಮ್ಯಾಲೆ ಸಾದಾ ಟೈರ್ ಕೂಡ್ತೈತಿ, ತೊಂದ್ರಿ ಇಲ್ಲ. ಮುಂದ ಎರಡು ಹಿಂದ ಎರಡು ಅಂತ ಬೆರಕಿ ಮಾಡಬ್ಯಾಡ್ರಿ, ನಾಲ್ಕೂ ಒಂದ ಸಲ. ಹಳೇ ರನ್-ಫ್ಲಾಟ್ ಬಿಚ್ಚಾಕ ಸೈಡ್‌ವಾಲ್ ಒತ್ತೋ ಎಕ್ಸ್‌ಟ್ರಾ ಆರ್ಮ್ ಇರೋ ಮಷಿನ್ ಬೇಕು, ನಾನ್ ಮೊದ್ಲು ಹೋದ ಅಂಗಡ್ಯಾಗ ಅದಿಲ್ಲದ ಹಾರಿಲೆ ಎಬ್ಬಿಸಾಕ ಹೋಗಿ ಒಂದ್ ರಿಮ್ಮಿನ ಅಂಚಿಗೆ ಗೀರು ಹಾಕಿದ್ರು, ಉಳಿದ ಮೂರೂ ಬ್ಯಾರೆ ಕಡೆ ಬಿಚ್ಚಿಸ್ದೆ. ಟೈರ್ ಎಷ್ಟು ಭಾರ ಹೊರ್ತೈತಿ ಅನ್ನೋ ಲೋಡ್ ನಂಬರ್ 87ಕ್ಕಿಂತ ಕಮ್ಮಿ ತಗೋಬ್ಯಾಡ್ರಿ, ಸ್ಪೀಡ್ ಅಕ್ಷರ ವಿ ಇದ್ದದ್ದ ಕೇಳ್ರಿ, ಅಂಗಡಿಯವ್ರು ಎಚ್ ಕೊಟ್ಟು ಎಲ್ಲಾ ಒಂದ ಅಂತಾರ, ಒಂದಲ್ಲ, ಎಚ್ ಅಂದ್ರ ತಾಸಿಗೆ 210 ಕಿಲೋಮೀಟರ್‌ತನ, ವಿ 240ರತನ. ಸೈಡ್‌ವಾಲ್ ಮ್ಯಾಲಿನ ಡಾಟ್ (DOT) ನಂಬರಿನ ಕಡೀ ನಾಲ್ಕು ಅಂಕಿನೂ ನೋಡ್ರಿ, 2319 ಅಂತಿದ್ರ 2019ರ 23ನೇ ವಾರದ್ದು ಅಂತ. ನಮ್ಮ ಕಡೆ ಬಿಸಿಲಿಗೆ ಗಾಳಿ ಮುಂಜಾನೆ ಗಾಡಿ ತಣ್ಣಗಿದ್ದಾಗ್ಲೆ ಹೊಡಿಸ್ರಿ, ಐದಾರು ಡಿಗ್ರಿ ಏರಿದ್ರ ಗಾಳಿ ಒತ್ತಡ ಒಂದು ಪಿಎಸ್‌ಐ ಏರ್ತೈತಿ, ಮೇ ತಿಂಗಳ ಮಧ್ಯಾಹ್ನ ಬಂಕಿನ್ಯಾಗ ಗೇಜ್ ನೋಡಿ ಗಾಳಿ ಬಿಟ್ರ ಮರುದಿನ ಮುಂಜಾನೆ ಕಮ್ಮಿ ಆಗಿರ್ತೈತಿ.

ನನ್ನ ಮಟ್ಟಿಗೆ ಸಾದಾ ಟೈರೇ ಸೈ. ಆದ್ರ ನಮ್ಮನಿಯಾಕಿ ಇನ್ನೂ ಒಪ್ಪಿಲ್ಲ, ಡ್ಯೂಟಿ ಸಲುವಾಗಿ ರಾಯಚೂರಿಗೆ ಒಬ್ಬಾಕೀನ ಗಾಡಿ ಹೊಡ್ಕೊಂಡು ಹೋಗಿ ಕತ್ಲಾದ ಮ್ಯಾಲೆ ಬರಾಕಿ, "ನೀವು ಬರ್ಕೊಂತ ಕುಂದರ್ರಿ, ಮಾನ್ವಿ ಗದ್ಯಾಗ ಸ್ಟ್ರಿಪ್ ತುರುಕೋಳು ನಾನು" ಅಂತಾಳ, ಅದರಾಗ ತಪ್ಪೇನಿಲ್ಲ. ದಿನಾ ಒಬ್ಬರ ರಾತ್ರಿ ಓಡಾಡೋರು ರನ್-ಫ್ಲಾಟ್ ಬಿಡಬ್ಯಾಡ್ರಿ, ಒಂದು ಹೊಸ ಟೈರ್ ಮೊದ್ಲ ತರಿಸಿ ಮನ್ಯಾಗ ಇಟ್ಕೊಳ್ರಿ, ವಾರ ಕಾಯೋದು ತಪ್ಪತೈತಿ. ಸದ್ಯಕ್ಕ ನಮ್ಮಿಬ್ಬರ ಒಪ್ಪಂದ ಏನಂದ್ರ ರಾಯಚೂರಿಗೆ ಆಕಿ ಹೋಗೋ ದಿನ ಸ್ಟೆಪ್ನಿ ಚಕ್ರ ಡಿಕ್ಕ್ಯಾಗ, ಎತ್ತಿ ಇಡೋನು ನಾನು. ಈ ಸೆಟ್ ಸವೆದ ಮ್ಯಾಲೆ ಯಾವುದು ಹಾಕಿಸೋದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.