ಸುಬಾರು ಫಾರೆಸ್ಟರ್: ಹಿಮಕ್ಕೆ ಸೈ, ಆದರೆ ಟೈರ್ ದುಡ್ಡು ಬೇರೆ ಎತ್ತಿಡಿ

ಕೆನಡಾದ ಚಳಿಗಾಲಕ್ಕೆ ಕಾರು ಹುಡುಕುತ್ತಿದ್ದೀರಾ? ಇಂಜಿನ್ ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಅಂತ ಮೊದಲು ಕೇಳಿ, ಸನ್‌ರೂಫ್ ಎಲ್ಲ ಆಮೇಲೆ. ಫಾರೆಸ್ಟರ್‌ನಲ್ಲಿ ಈ ತಲೆನೋವಿಲ್ಲ, ಇಲ್ಲಿ ಮಾರುವ ಎಲ್ಲ ಮಾಡೆಲ್‌ಗೂ ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವ್ಯವಸ್ಥೆ, ಇದ್ದೇ ಇರುತ್ತದೆ. ಹೋಂಡಾ ಸಿಆರ್-ವಿ ಹಾಗಲ್ಲ. ಅದರಲ್ಲಿ ಮುಂದಿನ ಎರಡೇ ಚಕ್ರ ಎಳೆಯುವ ಮಾಡೆಲ್‌ಗಳೂ ಬಂದಿವೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹುಷಾರು.

ಹಿಮ ಬಿದ್ದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಇದರ ಗಮ್ಮತ್ತು ಗೊತ್ತಾಗುತ್ತದೆ, ಚಕ್ರ ಸುಮ್ನೆ ತಿರುಗುತ್ತಾ ಕೂರುವುದಿಲ್ಲ, ನೆಲದಿಂದ 220 ಮಿಲಿಮೀಟರ್ ಎತ್ತರ ಇರುವುದರಿಂದ ರಸ್ತೆಯ ಹಿಮ ತಳ್ಳುವ ಪ್ಲೌ ಗಾಡಿ ಮನೆ ಮುಂದೆ ಬಿಟ್ಟುಹೋದ ಹಿಮದ ಸಾಲನ್ನೂ ಆರಾಮಾಗಿ ದಾಟುತ್ತದೆ. ನಿಲ್ಲಿಸುವ ವಿಷಯ ಬೇರೆ. ಬ್ರೇಕ್ ಒತ್ತಿದಾಗ ರಸ್ತೆ ಹಿಡಿಯುವುದು ಟೈರ್ ಅಲ್ವಾ? ಶೋರೂಮ್ ಒಂದರಲ್ಲಿ ವಿಂಟರ್ ಟೈರ್ ಬೇಕಾಗಲ್ಲ ಅಂದರು, ನಾನಂತೂ ಒಪ್ಪುವುದಿಲ್ಲ. 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಾನೂನೇ ಆಗಿದೆ.

ಇನ್ನೊಂದು ಖರ್ಚು ಇದೆ. ನಾಲ್ಕೂ ಟೈರ್ ಹೆಚ್ಚುಕಮ್ಮಿ ಒಂದೇ ಸಮ ಸವೆದಿರಬೇಕು, ಇಲ್ಲದಿದ್ದರೆ ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವ ಡ್ರೈವ್‌ಟ್ರೇನ್‌ಗೆ ಪೆಟ್ಟು. ಒಂದು ಹಾಳಾದರೆ ಕೆಲವೊಮ್ಮೆ ನಾಲ್ಕನ್ನೂ ಬದಲಿಸಬೇಕಾಗುತ್ತದೆ.